ಪ್ರಾರ್ಥನೆ ಮುಗಿಸಿ ಗಾಡಿ ಹತ್ತುವ ಮುನ್ನ

ಬಳ್ಳಾರಿ, ರಾಯಚೂರು, ಕೊಪ್ಪಳ ಸೀಮೆಯ ಹಳ್ಳಿಗಳಿಗೂ ಕ್ಯಾಂಪುಗಳಿಗೂ ಸುವಾರ್ತೆ ಸಾರಲು ಬರುವ ಸಭಾಪಾಲಕರಿಗೆ, ಸುವಾರ್ತಿಕರಿಗೆ, ಅವರನ್ನು ಕಳುಹಿಸುವ ಸಂಸ್ಥೆಗಳ ಹಿರಿಯರಿಗೆ,

ಕರ್ತನ ನಾಮದಲ್ಲಿ ವಂದನೆಗಳು.

ಇದನ್ನು ನಿಮಗೆ ಖಾಸಗಿಯಾಗಿಯೇ ಬರೆಯಬಹುದಿತ್ತು. ನೀವು ಬಂದು ಹೋದ ಮೇಲೆ ಊರಿನಲ್ಲಿ ಆಗುವುದಕ್ಕೆ ಯಾರು ಹೊಣೆ ಎಂದು ನಿಮ್ಮಲ್ಲಿ ಕೆಲವರನ್ನು ಬಾಯಿಮಾತಿನಲ್ಲಿ ಕೇಳಿಯೂ ಆಗಿದೆ. ‘ಅಮ್ಮಾ, ನಿಮ್ಮ ವಿಶ್ವಾಸ ತಣ್ಣಗಾಗಿದೆ, ನಿಮಗಾಗಿ ಉಪವಾಸ ಪ್ರಾರ್ಥನೆ ಮಾಡುತ್ತೇವೆ’ ಎಂದು ಕೈಮುಗಿದು ಹೊರಟರು. ಮಾಡಿ, ಬೇಡ ಎನ್ನುವುದಿಲ್ಲ. ಆದರೆ ನಾನು ಕೇಳಿದ್ದು ಪ್ರಾರ್ಥನೆಯನ್ನಲ್ಲ, ಉತ್ತರವನ್ನು. ಅದು ಬರಲಿಲ್ಲವಾದ್ದರಿಂದ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ನಾನು ಬಳ್ಳಾರಿಯ ಹಳೆಯ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಸಭೆಯೊಂದರಲ್ಲಿ ಹುಟ್ಟಿ ಬೆಳೆದವಳು. ಆರೋಗ್ಯ ಇಲಾಖೆಗೆ ಸಹಾಯಕಿಯಾಗಿ ಸೇರಿ, ಸಿರುಗುಪ್ಪ, ಸಿಂಧನೂರು ಕಡೆಯ ಹಳ್ಳಿಗಳಲ್ಲಿ ಲಸಿಕೆಯ ಡಬ್ಬಿಯನ್ನೂ ಕ್ಷಯರೋಗಿಗಳ ರಿಜಿಸ್ಟರನ್ನೂ ಹೊತ್ತು ಓಡಾಡಿ ನಿವೃತ್ತಳಾದವಳು. ಭಾನುವಾರ ಕೀರ್ತನೆ ಹಾಡುತ್ತೇನೆ, ದಶಮಾಂಶ ಕೊಡುತ್ತೇನೆ. ಆದ್ದರಿಂದ ಈ ಪತ್ರವನ್ನು ‘ವಿರೋಧಿಗಳ ಕುತಂತ್ರ’ ಎಂಬ ಕಡತಕ್ಕೆ ಸೇರಿಸಿ ಮುಚ್ಚಿಡಲು ನಿಮಗೆ ಸ್ವಲ್ಪ ಕಷ್ಟವಾಗಬಹುದು.

ಹೇಳಬೇಕಾದ ಮಾತು ಒಂದೇ. ನೀವು ಬಂದು ಹೋಗುವವರು. ನೀವು ಹೋದ ಮೇಲೆ ಆಗುವುದಕ್ಕೆಲ್ಲ ಬೆಲೆ ತೆರುವವರು ನಿಮ್ಮ ಮಾತನ್ನು ನಂಬಿದ ಬಡವರು. ಆ ಬೆಲೆಯಲ್ಲಿ ನಿಮ್ಮ ಪಾಲನ್ನು ಹೊರಲು ಸಿದ್ಧರಿದ್ದರೆ ಬನ್ನಿ.

ತುಂಗಭದ್ರಾ ಕಾಲುವೆಗಳಲ್ಲಿ ನೀರು ಹರಿಯತೊಡಗಿದ ಮೇಲೆ ಆಂಧ್ರದ ಕರಾವಳಿಯಿಂದ ರೈತರು ಬಂದರು, ಭತ್ತ ಬೆಳೆದರು, ಊರಾಚೆ ಕ್ಯಾಂಪುಗಳನ್ನು ಕಟ್ಟಿದರು. ಅವರ ಹಿಂದೆ ಕೂಲಿಗಳು ಬಂದರು, ಕೂಲಿಗಳ ಜೊತೆ ತೆಲುಗು ಕೀರ್ತನೆಗಳೂ ಬಂದವು. ಇಂದು ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆ ಕಾಲುವೆಯ ಏರಿಯ ಮೇಲೆ ನಡೆದು ಹೋದರೆ ತಗಡಿನ ಮೇಲ್ಛಾವಣಿಯ ಪ್ರಾರ್ಥನಾ ಮಂದಿರಗಳು ಕಣ್ಣಿಗೆ ಬೀಳುತ್ತವೆ. ಅಲ್ಲಿ ವರ್ಷಗಳಿಂದ ನೆಲೆನಿಂತ ಪಾಸ್ಟರುಗಳಿದ್ದಾರೆ. ಸತ್ತರೆ ಹೆಗಲು ಕೊಡುವವರು, ಹೆರಿಗೆಗೆ ಆಟೋ ಹಿಡಿದು ತರುವವರು, ಗುಳೆ ಹೋದವರ ಮುದುಕ ಮುದುಕಿಯರಿಗೆ ಮಾತ್ರೆ ತಂದುಕೊಡುವವರು. ಅವರ ಬಗ್ಗೆ ನನ್ನದು ತಕರಾರಿಲ್ಲ, ಗೌರವವಿದೆ. ಈ ಪತ್ರ ಅವರಿಗಲ್ಲ. ಜೀಪಿನ ಮೇಲೆ ಸ್ಪೀಕರು ಕಟ್ಟಿಕೊಂಡು, ಸಂಜೆ ಆರಕ್ಕೆ ಶಾಮಿಯಾನ ಹಾಕಿಸಿ, ‘ಅದ್ಭುತ ಸ್ವಸ್ಥತಾ ಕೂಟ’ ಎಂದು ಫ್ಲೆಕ್ಸ್ ತೂಗಿಸಿ, ರಾತ್ರಿ ಹತ್ತಕ್ಕೆ ಹೈದರಾಬಾದಿನ ಕಡೆಗೋ ಬೆಂಗಳೂರಿನ ಕಡೆಗೋ ಹೊರಟುಬಿಡುವವರಿಗೆ.

ಅಂಥ ಒಂದು ಕೂಟದ ಕಥೆ ಕೇಳಿ. ಕ್ಯಾಂಪಿನ ಅಂಚಿನಲ್ಲಿ ಶೆಡ್ಡು ಹಾಕಿಕೊಂಡಿದ್ದ ಹೆಂಗಸು, ನಾಟಿ ಕೂಲಿ. ಕಫ ಪರೀಕ್ಷೆಯಲ್ಲಿ ಕ್ಷಯ ಖಚಿತವಾಗಿತ್ತು. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳು ತಪ್ಪದೆ ಗುಳಿಗೆ ನುಂಗಬೇಕು. ಮೊದಲ ವಾರಗಳಲ್ಲಿ ಹೊಟ್ಟೆ ತೊಳಸುತ್ತದೆ, ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ರಕ್ತ ಹೋಗುತ್ತಿದೆಯೆಂದು ಹೆದರಿ ಓಡಿಬರುತ್ತಾರೆ. ಅದನ್ನೆಲ್ಲ ಸಮಾಧಾನ ಹೇಳಿ ದಾಟಿಸಿದರೆ ಎರಡನೆಯ ತಿಂಗಳ ಹೊತ್ತಿಗೆ ಕೆಮ್ಮು ತಗ್ಗುತ್ತದೆ, ಹಸಿವಾಗುತ್ತದೆ, ಕೆನ್ನೆ ತುಂಬುತ್ತದೆ. ಕ್ಷಯದ ಚಿಕಿತ್ಸೆಯಲ್ಲಿ ಅತ್ಯಂತ ಅಪಾಯದ ಘಟ್ಟ ಅದೇ. ಮೈ ವಾಸಿಯಾದಂತೆ ಹೇಳುತ್ತದೆ, ಒಳಗೆ ರೋಗಾಣು ಇನ್ನೂ ಬದುಕಿರುತ್ತದೆ. ಆಗ ಗುಳಿಗೆ ಬಿಟ್ಟರೆ ಉಳಿದ ರೋಗಾಣು ಆ ಔಷಧಿಗೇ ಬಗ್ಗದಂತೆ ಬಲಿತು ಏಳಬಹುದು.

ನಿಮ್ಮ ಕೂಟ ಬಂದದ್ದು ಸರಿಯಾಗಿ ಆ ಘಟ್ಟದಲ್ಲಿ. ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದಿರಿ. ‘ಗುಣವಾಯಿತೆಂದು ನಂಬುತ್ತೀಯಾ?’ ಎಂದು ಮೈಕಿನಲ್ಲಿ ಕೇಳಿದಿರಿ. ಸಾವಿರ ಜನರ ಎದುರು, ಕಣ್ಣು ಕೋರೈಸುವ ದೀಪದ ಕೆಳಗೆ, ಬದುಕಿನಲ್ಲಿ ಮೊದಲ ಸಲ ಯಾರೋ ತನ್ನನ್ನು ‘ಸಹೋದರಿ’ ಎಂದು ಕರೆದಾಗ ಯಾವ ಹೆಂಗಸು ‘ಇಲ್ಲ’ ಎನ್ನುತ್ತಾಳೆ? ಗುಳಿಗೆಯ ಪಟ್ಟಿಯನ್ನು ಎತ್ತಿ ಹಿಡಿಸಿ, ‘ಇನ್ನು ಇದು ಬೇಕಾ?’ ಎಂದಿರಿ. ಜನ ‘ಸ್ತೋತ್ರ’ ಎಂದರು. ಮರುದಿನ ಆ ಸಾಕ್ಷಿ ಯೂಟ್ಯೂಬಿನಲ್ಲಿತ್ತು.

ಅವಳು ಗುಳಿಗೆ ಬಿಟ್ಟಳು. ಆಶಾ ಕಾರ್ಯಕರ್ತೆ ಮನೆಗೆ ಹೋದರೆ ಬಾಗಿಲು ಹಾಕಿಕೊಂಡಳು. ಮಾತ್ರೆ ಮುಟ್ಟಿದರೆ ಅವಿಶ್ವಾಸದ ಪಾಪ ಬರುತ್ತದೆಂಬ ಹೆದರಿಕೆ. ಮಳೆಗಾಲ ಕಳೆಯುವಷ್ಟರಲ್ಲಿ ರಕ್ತ ಕಾರುತ್ತಾ ಬಂದಳು. ಈ ಸಲ ಹಳೆಯ ಗುಳಿಗೆ ಕೆಲಸ ಮಾಡಲಿಲ್ಲ. ಅದೇ ಶೆಡ್ಡಿನಲ್ಲಿ ಅವಳ ಮಗ್ಗುಲಲ್ಲಿ ಮಲಗುತ್ತಿದ್ದ ಚಿಕ್ಕ ಮಗನಿಗೂ ಕ್ಷಯ ಹತ್ತಿತ್ತು. ಫ್ಲೆಕ್ಸಿನಲ್ಲಿದ್ದ ಸಂಖ್ಯೆಗೆ ಫೋನು ಮಾಡಿದೆವು. ಎತ್ತಿದವರು ‘ಅವಳ ವಿಶ್ವಾಸದಲ್ಲಿ ಕೊರತೆಯಿತ್ತು’ ಎಂದರು. ಆಮೇಲೆ ಆ ಸಂಖ್ಯೆ ಸ್ವಿಚ್ ಆಫ್.

ಗುಣವಾದರೆ ಮಹಿಮೆ ನಿಮ್ಮ ಸೇವೆಗೆ, ಗುಣವಾಗದಿದ್ದರೆ ತಪ್ಪು ಅವಳ ವಿಶ್ವಾಸಕ್ಕೆ. ಇಂಥ ಲೆಕ್ಕವನ್ನು ಬಡ್ಡಿ ಸಾಹುಕಾರ ಕೂಡ ಬರೆಯುವುದಿಲ್ಲ.

ಕೈಯಿಟ್ಟು ಪ್ರಾರ್ಥಿಸಬೇಡಿ ಎಂದು ನಾನು ಹೇಳುತ್ತಿಲ್ಲ. ನನ್ನ ತಾಯಿ ಸಾಯುವಾಗ ಸಭೆಯ ಅಯ್ಯನವರು ಬಂದು ಪ್ರಾರ್ಥಿಸಿದ್ದು ನಮಗೆಲ್ಲ ದೊಡ್ಡ ಬಲವಾಗಿತ್ತು. ಪ್ರಾರ್ಥಿಸಿ, ಆಮೇಲೆ ‘ಗುಳಿಗೆ ತೆಗೆದುಕೊಂಡೆಯಾ?’ ಎಂದು ಕೇಳಿ. ಅಷ್ಟು ಕೇಳಿದರೆ ನಿಮ್ಮ ದೇವರೇನೂ ಚಿಕ್ಕವನಾಗುವುದಿಲ್ಲ. ಪೌಲನ ಜೊತೆಗಾರನಾಗಿದ್ದ ಲೂಕ ವೈದ್ಯನಾಗಿದ್ದ; ಪೌಲ ತನ್ನ ಪತ್ರದಲ್ಲಿ ಅವನನ್ನು ಪ್ರಿಯ ವೈದ್ಯನೆಂದೇ ಕರೆದಿದ್ದಾನೆ. ಕುಷ್ಠರೋಗಿಯನ್ನು ಶುದ್ಧಮಾಡಿದ ಯೇಸು ಅವನಿಗೆ ಹೇಳಿದ್ದೇನು? ಯಾರಿಗೂ ಹೇಳಬೇಡ, ಹೋಗಿ ಯಾಜಕನಿಗೆ ನಿನ್ನನ್ನು ತೋರಿಸಿಕೋ ಎಂದು. ಆ ಕಾಲದಲ್ಲಿ ಚರ್ಮ ನೋಡಿ ವಾಸಿಯಾಯಿತೆಂದು ತೀರ್ಪು ಕೊಡುತ್ತಿದ್ದವನು ಯಾಜಕ. ಗುಣಪಡಿಸಿದವನೇ ತಪಾಸಣೆಗೆ ಕಳುಹಿಸಿದ, ಪ್ರಚಾರ ಬೇಡವೆಂದ. ನೀವು ತಪಾಸಣೆ ಬೇಡವೆನ್ನುತ್ತೀರಿ, ಪ್ರಚಾರವನ್ನು ಮಾತ್ರ ಬಿಡುವುದಿಲ್ಲ.

ಕಾನೂನಿನ ಮಾತನ್ನೂ ತಿಳಿದಿರಿ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆಯ ಪಟ್ಟಿಯಲ್ಲಿ ಕ್ಷಯ, ಮೂರ್ಛೆ ರೋಗ, ಪಾರ್ಶ್ವವಾಯು, ಸಕ್ಕರೆ ಕಾಯಿಲೆ, ಕ್ಯಾನ್ಸರ್ ಎಲ್ಲ ಇವೆ. ನಮ್ಮ ರಾಜ್ಯದ 2017ರ ಮೌಢ್ಯ ವಿರೋಧಿ ಕಾಯ್ದೆಯ ಪ್ರಕಾರ ಹಾವು, ಚೇಳು, ನಾಯಿ ಕಚ್ಚಿದವರನ್ನು ಚಿಕಿತ್ಸೆಯಿಂದ ತಡೆದು ಮಂತ್ರಕ್ಕೆ ಒಪ್ಪಿಸುವುದು ಅಪರಾಧ. ಅದನ್ನು ನಾವು ತಾಯತ ಕಟ್ಟುವವರ ಕಡೆ ಬೆರಳು ತೋರಿಸಲು ಮಾತ್ರ ಬಳಸುತ್ತೇವೆ. ಅಭಿಷೇಕದ ಎಣ್ಣೆಯ ಬಾಟಲಿಯನ್ನು ದುಡ್ಡಿಗೆ ಮಾರುವವರು ಆ ಬೆರಳಿನ ತುದಿಯಲ್ಲಿ ತಮ್ಮನ್ನೂ ಒಮ್ಮೆ ನೋಡಿಕೊಳ್ಳಬೇಕು.

‘ನಿಮ್ಮ ಹಳೆಯ ಸಭೆಗಳಿಗೆ ಹುರುಪಿಲ್ಲ, ನೀವು ಸುವಾರ್ತೆಯನ್ನೇ ಮರೆತಿದ್ದೀರಿ’ ಎನ್ನುತ್ತೀರಿ. ಅರ್ಧ ಒಪ್ಪುತ್ತೇನೆ. ನಮ್ಮಲ್ಲಿ ಹಲವು ಸಭೆಗಳು ಇಂದು ಆಸ್ತಿಯ ಮೊಕದ್ದಮೆ, ಕಮಿಟಿಯ ಚುನಾವಣೆ ಇವುಗಳಲ್ಲೇ ಮುಳುಗಿವೆ. ಆದರೆ ಈ ಸೀಮೆಯಲ್ಲಿ ಸುವಾರ್ತೆ ಹೇಗೆ ಬೇರುಬಿಟ್ಟಿತೆಂಬುದನ್ನು ನೀವೂ ಕೇಳಬೇಕು.

ರಾಯಚೂರು ಜಿಲ್ಲೆಯ ಕೋಟೆಯೂರು ಮುದಗಲ್ಲಿನ ಕಥೋಲಿಕ ಸಮುದಾಯ ಆದಿಲ್‌ಶಾಹಿಗಳ ಕಾಲದಷ್ಟು ಹಳೆಯದು. ಆ ಕೋಟೆ ಸುಲ್ತಾನರ, ನಿಜಾಮರ ಕೈ ದಾಟಿ ನಮ್ಮ ಕಾಲಕ್ಕೆ ಬಂದರೂ ಅವರು ಅಲ್ಲೇ ಇದ್ದಾರೆ. ಬಳ್ಳಾರಿಗೆ 1810ರಲ್ಲಿ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಂದರು. ಅವರನ್ನು ನೇಮಿಸಿದ್ದು ಶ್ರೀರಂಗಪಟ್ಟಣಕ್ಕೆ. ಅಲ್ಲಿಗೆ ಹೋಗಲಾಗದೆ ಈ ಬಂಡೆಗಳ ಊರಿನಲ್ಲಿ ನೆಲೆನಿಂತರು. ಬಂದ ವಾರವೇ ಶಾಮಿಯಾನ ಹಾಕಲಿಲ್ಲ. ಕನ್ನಡ ಕಲಿತರು, ಶಾಲೆ ತೆರೆದರು, ವರ್ಷಗಟ್ಟಲೆ ಕುಳಿತು ಬೈಬಲ್ಲನ್ನು ಕನ್ನಡಕ್ಕೆ ತಂದರು. ಪೂರ್ಣ ಕನ್ನಡ ಬೈಬಲ್ಲಿನ ಕೆಲಸ ಮುಗಿಯುವ ಹೊತ್ತಿಗೆ 1831 ಬಂದಿತ್ತು. ಅವರ ಜೊತೆಗಾರ ವಿಲಿಯಂ ರೀವ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿ ಹೊರಬಂತು. ಬಳ್ಳಾರಿಯ ಮಿಷನ್ ಮುದ್ರಣಾಲಯ ಎಷ್ಟು ಗಟ್ಟಿಯಾಗಿತ್ತೆಂದರೆ, ಮಂಗಳೂರಿನಲ್ಲಿ 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಆರಂಭಿಸಿದ ಕನ್ನಡದ ಮೊದಲ ಪತ್ರಿಕೆ ಮರುವರ್ಷ ಅಚ್ಚಿಗಾಗಿ ಇಲ್ಲಿಗೆ ಬಂದು ‘ಕನ್ನಡ ಸಮಾಚಾರ’ವಾಯಿತು. ಪ್ರತಿ ಜುಲೈ 1ರಂದು ಪತ್ರಿಕಾ ದಿನಾಚರಣೆಯ ಭಾಷಣ ಮಾಡುವವರಲ್ಲಿ ಎಷ್ಟು ಜನ ಬಳ್ಳಾರಿಯ ಹೆಸರೆತ್ತುತ್ತಾರೋ! ಇನ್ನು ಬಳ್ಳಾರಿ ಮಿಷನ್ನಿನ ವಾರ್ಡ್ಲಾ ಶಾಲೆಯಲ್ಲಿ ಓದಿದ ಎಲ್ಲ ಜಾತಿಯ, ಎಲ್ಲ ಮತದ ಮನೆಗಳು ಈ ಜಿಲ್ಲೆಯಲ್ಲೂ ಗಡಿಯಾಚೆಯ ಆಂಧ್ರದಲ್ಲೂ ಇವೆ. ಅವರಲ್ಲಿ ಬಹುತೇಕರು ಕ್ರೈಸ್ತರಾಗಲಿಲ್ಲ. ಶಾಲೆಯೇನೂ ಅದಕ್ಕಾಗಿ ಬಾಗಿಲು ಮುಚ್ಚಲಿಲ್ಲ.

ಆ ಮಿಷನರಿಗಳನ್ನು ಸಂತರೆಂದು ಹೊಗಳುವುದು ನನ್ನ ಉದ್ದೇಶವಲ್ಲ. ಕಂಪನಿ ಸರ್ಕಾರದ ನೆರಳಿನಲ್ಲಿ ಬಂದವರು. ನಮ್ಮ ಜನರ ದೇವರುಗಳ ಬಗ್ಗೆ ಅವರು ಊರಿಗೆ ಕಳುಹಿಸುತ್ತಿದ್ದ ವರದಿಗಳಲ್ಲಿ ಓದಲಾಗದಷ್ಟು ತಿರಸ್ಕಾರವಿದೆ. ಆದರೆ ಅವರು ಇದ್ದರು. ಕಾಲರಾ ಬಂದಾಗ ಇದ್ದರು, ಬರ ಬಂದಾಗ ಇದ್ದರು. 1876ರಿಂದ 78ರವರೆಗಿನ ಭೀಕರ ಬರದಲ್ಲಿ ಬಳ್ಳಾರಿ ಜಿಲ್ಲೆ ತತ್ತರಿಸಿತು. 1871ರ ಮತ್ತು 1881ರ ಜನಗಣತಿಗಳ ನಡುವೆ ಜನಸಂಖ್ಯೆಯ ಸುಮಾರು ಐದನೆಯ ಒಂದು ಭಾಗ ಕಾಣೆಯಾಗಿತ್ತು. ನಮ್ಮ ಮನೆತನ ಸಭೆಗೆ ಬಂದದ್ದು ಆ ಬರದಲ್ಲಿ ಮಿಷನ್ನಿನವರು ಸಾಕಿದ ಅನಾಥ ಹುಡುಗನೊಬ್ಬನಿಂದ. ‘ಗಂಜಿಗಾಗಿ ಕುಲ ಬಿಟ್ಟವರು’ ಎಂದು ನಮ್ಮನ್ನು ಹಂಗಿಸುವವರು ಇವತ್ತೂ ಇದ್ದಾರೆ. ಇರಲಿ. ಹಸಿವಿನಿಂದ ಸಾಯುವ ಹುಡುಗನಿಗೆ ಗಂಜಿ ಕೊಡದ ಕುಲವನ್ನು ಅವನು ಬಿಟ್ಟದ್ದಕ್ಕೆ ನನಗೆ ನಾಚಿಕೆಯೇನಿಲ್ಲ. ಗಂಜಿ ಕೊಟ್ಟವರು ಅವನನ್ನು ಆಮೇಲೂ ಸಾಕಿದರು, ಓದಿಸಿದರು, ಮದುವೆ ಮಾಡಿಸಿದರು. ನಾನು ನಿಮ್ಮಿಂದ ಕೇಳುತ್ತಿರುವುದು ಆ ‘ಆಮೇಲೆ’ಯನ್ನು.

ಈಗ ದಾಖಲೆಯ ವಿಷಯಕ್ಕೆ ಬರುತ್ತೇನೆ. ನಿಮ್ಮಲ್ಲಿ ಬಹಳ ಜನ ಇದರ ಬಗ್ಗೆ ಬಾಯಿ ಬಿಡುವುದೇ ಇಲ್ಲ.

ಕಾಲುವೆಯಲ್ಲೋ ನದಿಯಲ್ಲೋ ದೀಕ್ಷಾಸ್ನಾನ ಮಾಡಿಸುವ ಮುನ್ನ ಆ ಮನುಷ್ಯನಿಗೆ ತಹಶೀಲ್ದಾರ್ ಕಚೇರಿಯಲ್ಲಿ ಏನಾಗುತ್ತದೆಂದು ಹೇಳುತ್ತೀರಾ? 1950ರ ರಾಷ್ಟ್ರಪತಿ ಆದೇಶದಂತೆ ಪರಿಶಿಷ್ಟ ಜಾತಿಯ ಸ್ಥಾನಮಾನ ಹಿಂದೂಗಳಿಗೆ ಮಾತ್ರ ಎಂದಿತ್ತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿದರು. ಕ್ರೈಸ್ತರಾದ ಮಾದಿಗರಿಗೆ, ಛಲವಾದಿಗಳಿಗೆ ಅದು ಇಲ್ಲ. ಕರ್ನಾಟಕದಲ್ಲಿ ಅವರಿಗೆ ಸಿಗುವುದು ಹಿಂದುಳಿದ ವರ್ಗಗಳ ಪ್ರವರ್ಗ-1. ಹೊಸ ನಂಬಿಕೆ ದಾಖಲೆಗೆ ಏರಿದ ದಿನ ಮಗನ ವಿದ್ಯಾರ್ಥಿವೇತನ, ಹಾಸ್ಟೆಲ್ ಸೀಟು, ಗ್ರಾಮ ಪಂಚಾಯಿತಿಯ ಮೀಸಲು ಕ್ಷೇತ್ರ, ಅಷ್ಟೇ ಅಲ್ಲ, ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆಯೂ ಕೈತಪ್ಪುತ್ತದೆ. ವಾಲ್ಮೀಕಿ ನಾಯಕರ ಮಾತು ಬೇರೆ: ಪರಿಶಿಷ್ಟ ಪಂಗಡದ ಸ್ಥಾನಮಾನವನ್ನು ಧರ್ಮಕ್ಕೆ ಕಟ್ಟಿಲ್ಲ. ಒಂದೇ ಕೂಟದಲ್ಲಿ ಪಕ್ಕಪಕ್ಕದಲ್ಲಿ ನೀರಿಗಿಳಿದ ಇಬ್ಬರಿಗೆ ಎರಡು ಬಗೆಯ ಪರಿಣಾಮ.

ಇದು ನ್ಯಾಯವೇ? ಅಲ್ಲವೆಂಬುದೇ ನನ್ನ ಮಾತು. ದೇವರು ಬದಲಾದ ಮಾತ್ರಕ್ಕೆ ಮಾದಿಗರ ಕೇರಿ ಊರೊಳಗೆ ಬರುವುದಿಲ್ಲ. ಹೋಟೆಲಿನ ಲೋಟವೂ ಬದಲಾಗುವುದಿಲ್ಲ. ಈ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆ ಬಂದು ಎಷ್ಟೋ ವರ್ಷಗಳಾದವು. 2022ರಲ್ಲಿ ಕೇಂದ್ರ ಸರ್ಕಾರ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ ಆಯೋಗವನ್ನೂ ನೇಮಿಸಿತು. ಹೋರಾಡೋಣ. ಆದರೆ ಇಂದು ಇರುವ ಕಾನೂನನ್ನು ಮರೆಮಾಚಿ ಜನರನ್ನು ನೀರಿಗಿಳಿಸುವುದು ಮೋಸ. ಸಭೆಯಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು ಎಂದು ಬದುಕುವುದನ್ನು ಅವರಿಗೆ ಕಲಿಸಿ ನೀವು ಹೊರಟುಹೋಗುತ್ತೀರಿ. ಆಮೇಲೆ ಊರಿನ ಯಾರೋ ಆಗದವರು ದೂರು ಕೊಟ್ಟಾಗ ಜಾತಿ ಪ್ರಮಾಣಪತ್ರದ ಪರಿಶೀಲನೆಗೆ ನಿಲ್ಲುವವನು ಅವನೊಬ್ಬನೇ.

ಜನ ನಿಮ್ಮ ಚಾಪೆಯ ಮೇಲೆ ಬಂದು ಕೂರುವುದೇಕೆಂದು ನನಗೆ ಗೊತ್ತಿದೆ. ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ 2021ರ ಸೆಪ್ಟೆಂಬರಿನಲ್ಲಿ ಏನಾಯಿತೆಂಬುದು ದೇಶಕ್ಕೆಲ್ಲ ತಿಳಿದಿದೆ: ಎರಡು ವರ್ಷದ ದಲಿತ ಮಗು ಗುಡಿಯೊಳಗೆ ಓಡಿತೆಂದು ಶುದ್ಧೀಕರಣದ ಹೆಸರಿನಲ್ಲಿ ತಂದೆಗೆ 25,000 ರೂಪಾಯಿ ದಂಡ ಹೇಳಿದರು. ಪೊಲೀಸರು ಬಂದರು, ಬಂಧನವಾಯಿತು, ಸರಿ. ಆದರೆ ಸುದ್ದಿಯಾಗದ ಮಿಯಾಪುರಗಳು ಎಷ್ಟಿಲ್ಲ! ದೇವದಾಸಿ ಪದ್ಧತಿಯನ್ನು ನಿಷೇಧಿಸಿದ್ದು 1982ರ ಕಾಯ್ದೆ. ನಾನು ಕೆಲಸ ಮಾಡಿದ ಹಳ್ಳಿಗಳಲ್ಲಿ ಮುತ್ತು ಕಟ್ಟಿಸಿಕೊಂಡ ತಾಯಂದಿರು ಆಮೇಲೂ ಇದ್ದರು. ಅವರ ಮಕ್ಕಳ ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರಿನ ಮುಂದಿನ ಜಾಗ ಖಾಲಿ. ಅಂಥವಳನ್ನು ಒಳಗೆ ಕರೆದು ಕೂರಿಸಿ, ಹೆಸರು ಹಿಡಿದು ಪ್ರಾರ್ಥಿಸುವವರು ಬಂದರೆ ಅವಳು ಹೋಗುತ್ತಾಳೆ. ಅದಕ್ಕೆ ಅಕ್ಕಿ ಮೂಟೆಯ ಆಮಿಷ ಬೇಕಿಲ್ಲ. ಇದನ್ನು ಅರಿಯದೆ ‘ಮತಾಂತರ, ಮತಾಂತರ’ ಎಂದು ಕೂಗುವವರು ಮೊದಲು ತಮ್ಮೂರ ಗುಡಿಯ ಬಾಗಿಲು ನೋಡಿಕೊಂಡು ಬರಲಿ.

ಆದರೆ ಅದೇ ತಾಯಿಯ ಎದುರು ಹುಲಿಗೆಮ್ಮನನ್ನೂ ಎಲ್ಲಮ್ಮನನ್ನೂ ದೆವ್ವ, ಸೈತಾನ ಎಂದು ಬೈಯುವುದು ಯಾವ ಸುವಾರ್ತೆ? ಅವಳಿಗೆ ಆ ಹೆಸರಿನಲ್ಲಿ ಅನ್ಯಾಯವಾಗಿರಬಹುದು. ಅವಳ ಅವ್ವ ಸಾಯುವ ಮುನ್ನ ಕರೆದದ್ದೂ ಅದೇ ಹೆಸರನ್ನು. ಹುಲಿಗಿಯ ಹುಣ್ಣಿಮೆಗೆ ಹೊಳೆಯಲ್ಲಿ ಮಿಂದು ಬರುವ ಲಕ್ಷ ಜನರಲ್ಲಿ ನಿಮ್ಮ ವಿಶ್ವಾಸಿಗಳ ಅಣ್ಣತಮ್ಮಂದಿರು, ಬೀಗರು, ಹೊಲದ ಒಡೆಯರು ಇದ್ದಾರೆ. ನಿಮ್ಮ ಮೈಕಿನ ಬೈಗುಳಕ್ಕೆ ಮರುದಿನ ಬಾವಿಕಟ್ಟೆಯಲ್ಲಿ, ಕಿರಾಣಿ ಅಂಗಡಿಯಲ್ಲಿ, ಕೂಲಿಗೆ ಕರೆಯುವ ಹೊತ್ತಿನಲ್ಲಿ ಉತ್ತರ ಕೊಡಬೇಕಾದವರು ನಿಮ್ಮ ಆ ವಿಶ್ವಾಸಿಗಳು. ನಾಟಿಗೆ ಕರೆಯದಿದ್ದರೆ ಆ ವಾರ ಒಲೆ ಹೊತ್ತುವುದಿಲ್ಲ. ಬೀಜ ಎರಚಿ ಹೋದವನು ಕಳೆ ಕೀಳಲು ಬರಲಿಲ್ಲವೆಂದರೆ ಹೊಲದವನು ಏನು ಮಾಡಬೇಕು?

ವೀಡಿಯೊಗಳ ಮಾತು. ಕೈಮುಗಿದು ಕೇಳುತ್ತೇನೆ, ನಿಲ್ಲಿಸಿ. ರೋಗಿಯ ಮುಖ, ಊರಿನ ಹೆಸರು, ಅಳುವ ಮಕ್ಕಳು, ನೀರಿನಲ್ಲಿ ಮುಳುಗೇಳುವ ಹೆಂಗಸರ ಒದ್ದೆ ಸೀರೆ, ಎಲ್ಲವನ್ನೂ ಹಾಕುತ್ತೀರಿ. ನೋಡುವವರು ದಾನಿಗಳು ಮಾತ್ರ ಎಂದುಕೊಂಡಿದ್ದೀರಾ? ಜಗಳಕ್ಕೆ ಕಾರಣ ಹುಡುಕುವವರೂ ನೋಡುತ್ತಾರೆ. ಹಾಗೆ ನೋಡಿದವರೇ ಒಂದು ಭಾನುವಾರ ಬೈಕುಗಳಲ್ಲಿ ಬಂದು ಮನೆ ಪ್ರಾರ್ಥನೆಗೆ ನುಗ್ಗಿದ್ದನ್ನು ನಾನು ಬಲ್ಲೆ. ಬೈಬಲ್ಲುಗಳನ್ನು ಬೀದಿಗೆ ಎಸೆದರು, ಮನೆಯೊಡತಿಯ ಜಡೆ ಹಿಡಿದು ಹೊರಗೆ ಎಳೆದರು. ಪೊಲೀಸರು ಬಂದು ಮೊದಲು ಠಾಣೆಗೆ ಕರೆದೊಯ್ದದ್ದು ನುಗ್ಗಿದವರನ್ನಲ್ಲ, ಪ್ರಾರ್ಥನೆಗೆ ಕುಳಿತವರನ್ನು. ವೀಡಿಯೊ ಮಾಡಿದ ಸುವಾರ್ತಿಕರು ಆ ಹೊತ್ತಿಗೆ ಬೇರೆ ರಾಜ್ಯದಲ್ಲಿದ್ದರು.

ನುಗ್ಗುವವರಿಗೂ ಒಂದು ಮಾತು, ಅವರೂ ಇದನ್ನು ಓದುತ್ತಾರೆಂದು ಗೊತ್ತಿರುವುದರಿಂದ. ಸಂವಿಧಾನದ 25ನೆಯ ವಿಧಿ ತನ್ನ ಧರ್ಮವನ್ನು ನಂಬಲು, ಆಚರಿಸಲು, ಪ್ರಸಾರ ಮಾಡಲು ಎಲ್ಲರಿಗೂ ಹಕ್ಕು ಕೊಟ್ಟಿದೆ. ಇನ್ನೊಬ್ಬನನ್ನು ಮತಾಂತರಿಸುವ ಹಕ್ಕು ಅದರಲ್ಲಿ ಸೇರಿಲ್ಲವೆಂದು 1977ರಲ್ಲಿ ಸ್ಟೆನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ನಿಜ. ಆದರೆ ಇನ್ನೊಬ್ಬರ ಮನೆಯೊಳಗೆ ನುಗ್ಗುವ ಹಕ್ಕು ನಿಮಗಿದೆಯೆಂದು ಯಾವ ಕೋರ್ಟೂ ಎಂದೂ ಹೇಳಿಲ್ಲ. ದೂರಿದ್ದರೆ ಬರೆದು ಠಾಣೆಗೆ ಕೊಡಿ. ಜಡೆ ಹಿಡಿಯುವ ಕೈಯಿಂದ ಧರ್ಮರಕ್ಷಣೆಯಾಗುವುದಿಲ್ಲ.

ನಮ್ಮ ರಾಜ್ಯದ 2022ರ ಮತಾಂತರ ತಡೆ ಕಾಯ್ದೆಯ ಬಗ್ಗೆ ನಿಮ್ಮಂತೆ ನನಗೂ ಸಿಟ್ಟಿದೆ. ಮತ ಬದಲಿಸಲು 30 ದಿನ ಮೊದಲೇ ಜಿಲ್ಲಾಧಿಕಾರಿಗೆ ಅರ್ಜಿ, ಸಂಬಂಧಿಕರಲ್ಲದೆ ಸಹೋದ್ಯೋಗಿಯೂ ದೂರು ಕೊಡಬಹುದಾದ ಅವಕಾಶ, ಹೆಂಗಸರು ಮತ್ತು ಪರಿಶಿಷ್ಟರ ವಿಷಯದಲ್ಲಿ ಮೂರರಿಂದ ಹತ್ತು ವರ್ಷ ಶಿಕ್ಷೆ. ಹೆಂಗಸಿಗೂ ದಲಿತನಿಗೂ ಸ್ವಂತ ಬುದ್ಧಿಯಿಲ್ಲ ಎಂದು ಕಾನೂನೇ ಬರೆದಂತಿದೆ. ಅದನ್ನು ರದ್ದು ಮಾಡುತ್ತೇವೆಂದು 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿದಾಗ ನಮ್ಮ ಸಭೆಯಲ್ಲಿ ಸಿಹಿ ಹಂಚಿದರು. ನಾನೂ ತಿಂದೆ. ಆದರೆ ‘ಭಾನುವಾರ ಬಂದವರಿಗೆ ಮಾತ್ರ ಕಿಟ್’ ಎಂದು ರೇಷನ್ ಹಂಚುವವರು ನಮ್ಮಲ್ಲಿ ಇರುವವರೆಗೆ ಈ ಕಾಯ್ದೆಯ ವಿರುದ್ಧ ನಮ್ಮ ಮಾತಿಗೆ ತೂಕ ಬರುವುದಿಲ್ಲ. ಕೊಡುವುದಿದ್ದರೆ ಊರಿಗೆಲ್ಲ ಕೊಡಿ, ಬಾಗಿಲಲ್ಲಿ ಹಾಜರಿ ತೆಗೆಯಬೇಡಿ. ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹದಲ್ಲಿ ಲಕ್ಷಾಂತರ ಜನ ಉಣ್ಣುತ್ತಾರೆ. ನಾನೂ ಉಂಡಿದ್ದೇನೆ, ಕೊರಳಲ್ಲಿ ಶಿಲುಬೆ ಹಾಕಿಕೊಂಡೇ. ಯಾರೂ ನನ್ನನ್ನು ಯಾವ ಸಭೆಯವಳೆಂದು ಕೇಳಲಿಲ್ಲ.

ಮಕ್ಕಳ ವಿಷಯ ಚಿಕ್ಕದಾಗಿ ಹೇಳುತ್ತೇನೆ, ಏಕೆಂದರೆ ಇದರಲ್ಲಿ ಚರ್ಚೆಗೆ ಜಾಗವಿಲ್ಲ. ತಂದೆತಾಯಿ ಗುಳೆ ಹೋದ ಮನೆಗಳ ಮಕ್ಕಳನ್ನು ಹಾಸ್ಟೆಲ್ಲಿಗೆಂದು ಹೊರ ಊರಿಗೆ ಕರೆದೊಯ್ಯಬೇಡಿ. ನೋಡಿಕೊಳ್ಳಬೇಕೆಂಬ ಮನಸ್ಸಿದ್ದರೆ ಬಾಲನ್ಯಾಯ ಕಾಯ್ದೆಯಡಿ ನೋಂದಣಿ ಮಾಡಿಸಿ, ಮಕ್ಕಳ ಕಲ್ಯಾಣ ಸಮಿತಿಯ ಮೂಲಕ ಬನ್ನಿ. ಬೆರಳೊತ್ತಿದ ಅಜ್ಜಿಯ ಒಪ್ಪಿಗೆ ಒಪ್ಪಿಗೆಯಲ್ಲ.

ಇಷ್ಟು ಓದಿದ ಮೇಲೆ, ಹಾಗಾದರೆ ಬರುವುದೇ ಬೇಡವೇ ಎಂದು ನೀವು ಕೇಳಬಹುದು. ಬನ್ನಿ. ಬರುವ ಮುನ್ನ ಆ ಊರಿನ ಆಶಾ ಕಾರ್ಯಕರ್ತೆಯನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನೂ ಕಂಡು ಮಾತನಾಡಿ; ಕೂಟದ ಬದಿಯಲ್ಲಿ ಅವರಿಗೊಂದು ಮೇಜು ಹಾಕಿಕೊಡಿ. ಎರಡು ವಾರ ಮೀರಿದ ಕೆಮ್ಮಿರುವವರು ಪ್ರಾರ್ಥನೆ ಮುಗಿಸಿ ಕಫದ ಡಬ್ಬಿ ತೆಗೆದುಕೊಂಡು ಹೋಗಲಿ. ಕ್ಷಯರೋಗಿಗಳಿಗೆ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಸರ್ಕಾರ ತಿಂಗಳಿಗೆ ಕೊಡುವ ಹಣ 2024ರ ನವೆಂಬರಿನಿಂದ 500ರ ಬದಲು 1,000 ರೂಪಾಯಿಯಾಗಿದೆ. ಅದು ಬ್ಯಾಂಕ್ ಖಾತೆಗೆ ಬರುವಂತೆ ಮಾಡಲು ಆಧಾರ್ ಹಿಡಿದು ಓಡಾಡುವ ಒಬ್ಬ ಮನುಷ್ಯನನ್ನು ನಿಮ್ಮ ತಂಡದಲ್ಲಿ ಇಡಿ. ಇಂಥ ಸುವಾರ್ತಿಕನಿಗೆ ಈ ಸೀಮೆಯಲ್ಲಿ ಯಾರೂ ಕಲ್ಲೆಸೆಯುವುದಿಲ್ಲ. ನಿಮ್ಮ ನಿಜವಾದ ಹೆಸರು, ಸಂಸ್ಥೆ, ಸದಾ ಎತ್ತುವ ಒಂದು ಫೋನ್ ಸಂಖ್ಯೆಯನ್ನು ಫ್ಲೆಕ್ಸಿನಲ್ಲಿ ದಪ್ಪಕ್ಷರದಲ್ಲಿ ಹಾಕಿ. ಊರಿನ ಸಭೆಯ ಪಾಸ್ಟರನ್ನು ಕೇಳದೆ ಅವರ ಊರಿಗೆ ಕಾಲಿಡಬೇಡಿ. ಅವರು ಬೇಡವೆಂದರೆ ಬೇಡ.

ಕಳುಹಿಸುವ ಸಂಸ್ಥೆಗಳ ಹಿರಿಯರೇ, ನಿಮಗೆ ಬೇರೆಯಾಗಿ ಹೇಳಬೇಕು. ಹಳ್ಳಿಯಲ್ಲಿ ಓಡಾಡುವ ಈ ಹುಡುಗರಿಗೆ ನೀವು ಕೊಡುವ ಸಂಬಳ ಎಷ್ಟೆಂದು ನನಗೆ ಗೊತ್ತಿದೆ. ಅವರಲ್ಲಿ ಎಷ್ಟೋ ಜನ ನಮ್ಮ ಕೇರಿಗಳ ಮಕ್ಕಳೇ. ತಿಂಗಳ ವರದಿಯ ನಮೂನೆಯನ್ನು ನಾನು ನೋಡಿದ್ದೇನೆ: ತಲುಪಿದ ಹಳ್ಳಿಗಳು, ಹಂಚಿದ ಕರಪತ್ರಗಳು, ಕೈಯೆತ್ತಿದವರು, ದೀಕ್ಷಾಸ್ನಾನ, ಫೋಟೊ. ಆ ಅಂಕಣಗಳನ್ನು ತುಂಬದಿದ್ದರೆ ಮುಂದಿನ ತಿಂಗಳು ಪೆಟ್ರೋಲಿಗೆ ಹಣವಿಲ್ಲ. ಗುಳಿಗೆಯ ಪಟ್ಟಿಯನ್ನು ಎತ್ತಿ ತೋರಿಸಿದ್ದು ಆ ಹುಡುಗನ ಕೈ, ಎತ್ತಿಸಿದ್ದು ನಿಮ್ಮ ನಮೂನೆ. ಅದನ್ನು ಬದಲಿಸಿ. ಕಳೆದ ವರ್ಷ ಪ್ರಾರ್ಥಿಸಿದ ರೋಗಿಗಳಲ್ಲಿ ಚಿಕಿತ್ಸೆ ಪೂರ್ತಿ ಮಾಡಿದವರೆಷ್ಟು, ಜಗಳವಾದ ಊರಿಗೆ ಮತ್ತೆ ಹೋದವರು ಯಾರು, ಕೆಲಸ ಕಳೆದುಕೊಂಡ ವಿಶ್ವಾಸಿಯ ಮನೆಗೆ ಏನು ತಲುಪಿತು ಎಂದು ಕೇಳಿ. ಈ ಅಂಕಣಗಳಿಗೆ ಉತ್ತರ ಬಂದ ಮೇಲೆ ಕೈಯೆತ್ತಿದವರ ಲೆಕ್ಕ ಕೇಳಿದರೂ ನಾನು ಬೇಡವೆನ್ನುವುದಿಲ್ಲ.

ಕ್ರಿಸ್ಮಸ್ ಹತ್ತಿರ ಬಂದಂತೆ ಕೂಟಗಳ ಫ್ಲೆಕ್ಸುಗಳು ಏಳುತ್ತವೆ. ಅದಕ್ಕೆ ಮೊದಲು ಹಳೆಯ ಸಾಕ್ಷಿ ವೀಡಿಯೊಗಳಲ್ಲಿ ರೋಗಿಗಳ ಮುಖವಿರುವವನ್ನೆಲ್ಲ ತೆಗೆದುಹಾಕಿ. ನಿಮ್ಮ ಕೂಟದ ಮೇಲೆ ಗುಳಿಗೆ ಬಿಟ್ಟವರ ಹೆಸರುಗಳನ್ನು ಆಯಾ ತಾಲ್ಲೂಕಿನ ಕ್ಷಯ ಘಟಕಕ್ಕೆ ಗುಟ್ಟಾಗಿ ಕೊಡಿ. ಅಲ್ಲಿಯವರು ನಿಮ್ಮನ್ನು ಬೈಯುವುದಿಲ್ಲ, ಅವರಿಗೆ ರೋಗಿ ಸಿಕ್ಕರೆ ಸಾಕು. ಈ ಪತ್ರಕ್ಕೆ ಉತ್ತರ ಬರೆಯುವವರು ಬರೆಯಿರಿ. ನನ್ನ ವಿಶ್ವಾಸದ ಉಷ್ಣಾಂಶದ ಬಗ್ಗೆ ಬೇಡ.

ಇಂತಿ,
ಬಳ್ಳಾರಿಯ ಹಳೆಯ ಸಭೆಯೊಂದರ ಸದಸ್ಯೆ, ನಿವೃತ್ತ ಆರೋಗ್ಯ ಸಹಾಯಕಿ